ರುಮೈಥಿಯಾದ ಸಂಬಳ, ಮಂಗಳೂರಿನ ಕಾಲೇಜು

ಸಾಲ್ಮಿಯಾಕ್ಕೆ ಅಂಟಿಕೊಂಡಂತೆ ಇರುವ ಬಡಾವಣೆ ರುಮೈಥಿಯಾ. ಕುವೈತ್‌ನ ಹವಲ್ಲಿ ಪ್ರಾಂತ್ಯಕ್ಕೆ ಸೇರಿದ ಈ ಪ್ರದೇಶದಲ್ಲಿ ಹೆಚ್ಚಿನವು ಕುವೈತಿ ಕುಟುಂಬಗಳ ಮನೆಗಳು. ಆ ಮನೆಗಳ ಕಾರು ಓಡಿಸುವವರು, ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು ಹೊರದೇಶದಿಂದ ಬಂದವರು. ಕುಂದಾಪುರ, ಉಡುಪಿ, ಬಂಟ್ವಾಳ, ಭಟ್ಕಳ, ಕಾಸರಗೋಡಿನ ಕಡೆಯವರೂ ಅವರಲ್ಲಿದ್ದಾರೆ. ಊರಿನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದಲ್ಲಿಂದ ಸಿಇಟಿ ಸೀಟು ಹಂಚಿಕೆ ಮುಗಿಯುವ ತನಕ ಇವರ ಫೋನಿನಲ್ಲಿ ಒಂದೇ ಮಾತು: ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಮೊದಲ ಕಂತು ಯಾವಾಗ ಕಟ್ಟಬೇಕು.

ಒಂದು ಶುಕ್ರವಾರ ಸಂಜೆ ಇಲ್ಲಿನ ಜಮಿಯಾದ, ಅಂದರೆ ಬಡಾವಣೆಯ ಸಹಕಾರಿ ಅಂಗಡಿಯ ಎದುರು, ಕುಂದಾಪುರ ಕಡೆಯ ಒಬ್ಬ ಮನೆ ಡ್ರೈವರ್ ಸಿಕ್ಕಿದರು. ಮಗಳಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಹಣ ಕಳಿಸಿದ ರಸೀದಿಗಳನ್ನು ಅವರು ರಬ್ಬರ್ ಬ್ಯಾಂಡ್ ಹಾಕಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀರಾ ಎಂದು ಕೇಳಿದೆ. "ನಮ್ದು ಗಲ್ಫ್ ಮನೆ ಅಲ್ವಾ ಸಾರ್, ನಮಗೆಲ್ಲಿ ಕೊಡ್ತಾರೆ?" ಎಂದರು. ಊರಿನಲ್ಲಿ ಯಾರೋ ಹಾಗೆ ಹೇಳಿದ್ದರಂತೆ, ಅವರು ನಂಬಿಬಿಟ್ಟಿದ್ದರು. ಈ ಮಾತನ್ನು ನಾನು ಬೇರೆಯವರ ಬಾಯಿಂದಲೂ ಕೇಳಿದ್ದೇನೆ. ಇದು ತಪ್ಪು ತಿಳಿವಳಿಕೆ. ಇದರಿಂದಾಗಿ ಎಷ್ಟೋ ಮಕ್ಕಳು ತಮಗೆ ಸಲ್ಲಬೇಕಾದ ಹಣವನ್ನು ಕೇಳದೆಯೇ ಬಿಡುತ್ತಿದ್ದಾರೆ.

ಲೆಕ್ಕ ಹಾಕಿಯೇ ನೋಡೋಣ. ಕುವೈತ್‌ನಲ್ಲಿ ಮನೆಗೆಲಸದವರಿಗಾಗಿ 2015ರಲ್ಲಿ 68ನೇ ಸಂಖ್ಯೆಯ ಕಾನೂನು ಬಂತು. ಮರುವರ್ಷ ಕನಿಷ್ಠ ವೇತನವನ್ನು ತಿಂಗಳಿಗೆ 60 ದಿನಾರ್ ಎಂದು ನಿಗದಿ ಮಾಡಿದರು. ಅನುಭವವಿರುವ ಡ್ರೈವರ್‌ಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ. 120 ದಿನಾರ್ ಎಂದು ಹಿಡಿಯಿರಿ. ದಿನಾರ್ ಒಂದಕ್ಕೆ 280 ರೂಪಾಯಿಯಂತೆ ಅದು ತಿಂಗಳಿಗೆ 33,600, ವರ್ಷಕ್ಕೆ 4,03,200 ರೂಪಾಯಿ. 150 ದಿನಾರ್ ಇದ್ದರೆ ವರ್ಷಕ್ಕೆ 5,04,000. ಬಕಾಲಾ ಎನ್ನುವ ಕಿರಾಣಿ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿದು 230 ದಿನಾರ್ ತರುವವರಿಗೂ ವರ್ಷಕ್ಕೆ 7,72,800 ದಾಟುವುದಿಲ್ಲ. ಕೇಂದ್ರ ಸರ್ಕಾರದ ಹಲವು ಶೈಕ್ಷಣಿಕ ನೆರವುಗಳ ಆದಾಯ ಮಿತಿ 4.5 ಲಕ್ಷ ಅಥವಾ 8 ಲಕ್ಷ. ಮನೆಯಲ್ಲಿ ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ಈ ದರದಲ್ಲಿ ಈ ಕುಟುಂಬಗಳು ಕನಿಷ್ಠ 8 ಲಕ್ಷದ ಮಿತಿಯ ಒಳಗಾದರೂ ಇವೆ. ದಿನಾರ್ ದರ ಏರಿದರೆ ಈ ಮಿತಿಗಳ ಅಂಚಿನಲ್ಲಿರುವವರು ಹೊರಗೆ ಬೀಳಬಹುದು. ಹಾಗಾಗಿ ಅರ್ಜಿ ಹಾಕುವ ವರ್ಷದ ಲೆಕ್ಕವನ್ನು ಸರಿಯಾಗಿ ಮಾಡಿ.

ಎನ್‌ಆರ್‌ಐ ಕೋಟಾದ ಬಲೆ

ಮೊದಲ ಉಳಿತಾಯ ಆಗುವುದು ಸೀಟಿನಲ್ಲೇ. ಅಪ್ಪ ಕುವೈತ್‌ನಲ್ಲಿದ್ದಾನೆ ಎಂದು ಗೊತ್ತಾದ ಕೂಡಲೇ ಮಧ್ಯವರ್ತಿಗಳು ದುಬಾರಿ ಎನ್‌ಆರ್‌ಐ ಕೋಟಾದ ಮಾತು ತೆಗೆಯುತ್ತಾರೆ. ಅಪ್ಪ ಹೊರದೇಶದಲ್ಲಿದ್ದ ಮಾತ್ರಕ್ಕೆ ಮಗಳು ಆ ಕೋಟಾದಲ್ಲಿ ಸೇರಬೇಕೆಂಬ ನಿಯಮ ಎಲ್ಲೂ ಇಲ್ಲ. ಕರ್ನಾಟಕದಲ್ಲೇ ಶಾಲೆ, ಪಿಯುಸಿ ಓದಿದವರಿಗೆ ಸಿಇಟಿ ಬರೆದು ಸರ್ಕಾರಿ ಸೀಟು ಪಡೆಯುವ ಹಕ್ಕಿದೆ. ಕುವೈತ್‌ನಲ್ಲಿ ಹತ್ತನೇ ತರಗತಿವರೆಗೆ ಓದಿ ಊರಿಗೆ ಮರಳಿದ ಮಕ್ಕಳಿಗೂ ಒಂದು ದಾರಿಯಿದೆ. ಪಿಯುಸಿಯ ಎರಡು ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿ, ಅಪ್ಪ ಅಮ್ಮಂದಿರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮದಲ್ಲಿ ಅವರಿಗೂ ಜಾಗ ಸಿಗುತ್ತದೆ. ಅಪ್ಪನ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಲು ರಜೆಯಲ್ಲಿ ಊರಿಗೆ ಹೋದಾಗ ಅರ್ಧ ದಿನ ತೆಗೆದಿಡಿ. ಹೆಡ್ ಮಾಸ್ಟರರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಎರಡೂ ಬೇಕಾಗುತ್ತವೆ. ಕೌನ್ಸೆಲಿಂಗ್ ವೇಳೆಯಲ್ಲಿ ಇದಕ್ಕಾಗಿ ಓಡಾಡುವುದು ಬಹಳ ಕಷ್ಟ.

ಎಂಜಿನಿಯರಿಂಗ್‌ಗೆ ಹೋಗುವವರು ಎಸ್‌ಎನ್‌ಕ್ಯು ಎಂಬ ಮೂರಕ್ಷರವನ್ನು ನೆನಪಿನಲ್ಲಿಡಿ. ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳನ್ನು ಸಿಇಟಿ ಮೂಲಕವೇ ಕೊಡುತ್ತಾರೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಅರ್ಹತೆ. ಇಲ್ಲಿ ಬೋಧನಾ ಶುಲ್ಕವೇ ಮಾಫಿ. ಉಳಿದ ಸಣ್ಣಪುಟ್ಟ ಶುಲ್ಕ ಮಾತ್ರ ಕಟ್ಟಬೇಕು. ಒಳ್ಳೆಯ ಕಾಲೇಜುಗಳಲ್ಲಿ ಈ ಸೀಟಿಗೆ ಪೈಪೋಟಿ ಜೋರು. ಆದರೂ ಆಯ್ಕೆ ಪಟ್ಟಿಯಲ್ಲಿ ಸೇರಿಸಲು ಏನೂ ಖರ್ಚಿಲ್ಲ. ಅರ್ಜಿ ತುಂಬುವಾಗ ಆದಾಯ ಪ್ರಮಾಣಪತ್ರದ ಸಂಖ್ಯೆ ನಮೂದಿಸದೆ ಬಿಟ್ಟವರಿಗೆ ಈ ಬಾಗಿಲು ತೆರೆಯುವುದೇ ಇಲ್ಲ.

ಕುವೈತ್‌ನಲ್ಲೇ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳಿಗೆ ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳಲ್ಲಿ ಬೇರೊಂದು ಕಿಟಕಿ ಇದೆ. ಹೊರದೇಶಗಳಲ್ಲಿ ಓದಿದವರಿಗೆ ದಾಸಾ ಎಂಬ ಯೋಜನೆಯಲ್ಲಿ ಹೆಚ್ಚುವರಿ ಸೀಟುಗಳಿವೆ. ಅವುಗಳಲ್ಲಿ ಮೂರನೇ ಒಂದು ಭಾಗ ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ, ಅಂದರೆ ಸಿಐಡಬ್ಲ್ಯುಜಿ ವರ್ಗಕ್ಕೆ ಮೀಸಲು. ದಾಸಾದ ಉಳಿದ ಸೀಟುಗಳಿಗೆ ಡಾಲರ್ ಲೆಕ್ಕದಲ್ಲಿ ದುಬಾರಿ ಶುಲ್ಕ. ಸಿಐಡಬ್ಲ್ಯುಜಿ ವರ್ಗಕ್ಕೆ ಮಾತ್ರ ಭಾರತದಲ್ಲಿ ಓದಿದ ವಿದ್ಯಾರ್ಥಿ ಕಟ್ಟುವಷ್ಟೇ ಬೋಧನಾ ಶುಲ್ಕ. ಪ್ರವೇಶ ಜೆಇಇ ಮೇನ್ ಶ್ರೇಯಾಂಕದ ಮೇಲೆ. ಅರ್ಜಿಯಲ್ಲಿ ವರ್ಗ ತಪ್ಪಾಗಿ ಗುರುತಿಸಿದರೆ ಲಕ್ಷಗಟ್ಟಲೆ ವ್ಯತ್ಯಾಸವಾಗುತ್ತದೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಪ್ಪ ಮಗ ಇಬ್ಬರೂ ಕೂತು ಪೂರ್ತಿ ಓದಿದ ಮೇಲೆಯೇ ಅರ್ಜಿ ತುಂಬಿ.

ಯಾರು ಎಷ್ಟು ಕೊಡುತ್ತಾರೆ

ಅಪ್ಪ ಕುವೈತ್‌ನಲ್ಲಿ ಇರುವುದೇ ಅರ್ಹತೆಯಾಗುವ ವಿದ್ಯಾರ್ಥಿವೇತನವೂ ಒಂದಿದೆ, ಅದನ್ನು ಮೊದಲು ಹೇಳುತ್ತೇನೆ. ಭಾರತದ ವಿದೇಶಾಂಗ ಸಚಿವಾಲಯ ಅನಿವಾಸಿ ಮಕ್ಕಳಿಗಾಗಿ ನಡೆಸುವ ಎಸ್‌ಪಿಡಿಸಿ ಯೋಜನೆ ಅದು. ಶುರುವಾದದ್ದು 2006-07ರಲ್ಲಿ. ವರ್ಷಕ್ಕೆ 150 ಮಂದಿಗೆ ಕೊಡುತ್ತಾರೆ. ಬೋಧನಾ ಶುಲ್ಕ, ಹಾಸ್ಟೆಲ್ ಇತ್ಯಾದಿ ಸೇರಿದ ವೆಚ್ಚದ ಶೇ. 75ರಷ್ಟು, ಹೆಚ್ಚೆಂದರೆ ವರ್ಷಕ್ಕೆ 4,000 ಅಮೆರಿಕನ್ ಡಾಲರ್ ಸಿಗುತ್ತದೆ. 150ರಲ್ಲಿ 50 ಸ್ಥಾನಗಳು ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾಗುವ ದೇಶಗಳ ಕಾರ್ಮಿಕರ ಮಕ್ಕಳಿಗೆ. ಕುವೈತ್ ಆ ಪಟ್ಟಿಯಲ್ಲಿದೆ. ಆ 50ರಲ್ಲೂ ಮೂರನೇ ಒಂದು ಭಾಗ ಅಪ್ಪ ಅಲ್ಲಿ ದುಡಿಯುತ್ತಿದ್ದು ಭಾರತದಲ್ಲೇ ಓದಿ ಬೆಳೆದ ಮಕ್ಕಳಿಗೆ. ರುಮೈಥಿಯಾದ ಮನೆ ಡ್ರೈವರ್‌ನ ಮಗಳು ಬರುವುದು ಸರಿಯಾಗಿ ಇದೇ ಗುಂಪಿನಲ್ಲಿ. ವಯಸ್ಸು 17ರಿಂದ 21ರೊಳಗೆ ಇರಬೇಕು, ಹನ್ನೆರಡನೇ ತರಗತಿಯಲ್ಲಿ ಕನಿಷ್ಠ ಶೇ. 60 ಅಂಕ ಬೇಕು, ಕಾಲೇಜು ಮಾನ್ಯತೆಯ ಪಟ್ಟಿಯಲ್ಲಿ ಇರಬೇಕು. ಅರ್ಜಿಯ ಪರಿಶೀಲನೆ ಅಪ್ಪ ಇರುವ ದೇಶದ ರಾಯಭಾರ ಕಚೇರಿಯ ಮೂಲಕ ಆಗುತ್ತದೆ. ಮಗಳ ಕೆಲಸ ಊರಲ್ಲಿ, ಅಪ್ಪನ ಕೆಲಸ ಕುವೈತ್‌ನಲ್ಲಿ, ಎರಡೂ ಒಟ್ಟಿಗೆ ಸಾಗಬೇಕು. ಸ್ಥಾನಗಳು ಕಡಿಮೆ ನಿಜ, ಆದರೆ ವಿಷಯ ತಿಳಿದು ಅರ್ಜಿ ಹಾಕುವವರೂ ಕಡಿಮೆ ಎಂಬುದು ನನಗೆ ಕಂಡದ್ದು.

ಪಿಯುಸಿಯಲ್ಲಿ ತನ್ನ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದವರಿಗೆ ಕೇಂದ್ರ ವಲಯದ ವಿದ್ಯಾರ್ಥಿವೇತನ ಇದೆ. ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಆದಾಯ ಮಿತಿ 4.5 ಲಕ್ಷ. ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗಬಹುದು. ಎರಡಕ್ಕೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ರಾಜ್ಯ ಸರ್ಕಾರದ ಹಲವು ಯೋಜನೆಗಳಲ್ಲಿ, ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದಲ್ಲಿ ಆದಾಯ ಮಿತಿ ಬಹಳ ಕೆಳಗಿದೆ. ಅಮ್ಮ ಬೀಡಿ ಕಟ್ಟುತ್ತಿದ್ದರೂ ಅಪ್ಪನ ಕುವೈತ್ ಸಂಬಳ ಸೇರಿದರೆ ಅಲ್ಲಿ ಅರ್ಹತೆ ಸಿಗುವುದು ಕಷ್ಟ. ಆ ಕಡೆ ಓಡಾಡಿ ದಿನ ಕಳೆಯುವುದಕ್ಕಿಂತ ಮೇಲೆ ಹೇಳಿದ ಕಡೆ ಗಮನ ಕೊಡಿ. ಬಹುತೇಕ ಸರ್ಕಾರಿ ಯೋಜನೆಗಳಲ್ಲಿ ಒಂದನ್ನು ಪಡೆದರೆ ಇನ್ನೊಂದು ಇಲ್ಲ. ದೊಡ್ಡ ಮೊತ್ತದ್ದು ಯಾವುದು ನೋಡಿ ಆರಿಸಿಕೊಳ್ಳಿ.

ಕುವೈತ್ ಸಂಬಳವನ್ನು ಮುಚ್ಚಿಟ್ಟು ನಾಡಕಚೇರಿಯಿಂದ ಕಡಿಮೆ ಆದಾಯದ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ ಎನ್ನುವವರು ಊರೂರಲ್ಲೂ ಇದ್ದಾರೆ. ದಯವಿಟ್ಟು ಬೇಡ. ಅಪ್ಪ ಕಳಿಸಿದ ಹಣ ಬ್ಯಾಂಕ್ ಖಾತೆಯಲ್ಲಿ ಕಣ್ಣಿಗೆ ಕಾಣುವಂತೆ ಇರುತ್ತದೆ. ನಾಳೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಹಣ ವಾಪಸು ಕಟ್ಟಬೇಕು, ಸೀಟಿಗೇ ಸಂಚಕಾರ ಬರಬಹುದು. ನಿಜವಾದ ಸಂಬಳ ಹೇಳಿಯೂ ಅರ್ಹತೆ ಸಿಗುವಾಗ ಸುಳ್ಳಿನ ಅಗತ್ಯವೇ ಇಲ್ಲ.

ಸರ್ಕಾರದ ಹೊರಗೂ ಕರಾವಳಿಯಲ್ಲಿ ಆಸರೆ ಇದೆ. ಅಮ್ಮ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದ ಸದಸ್ಯೆಯಾಗಿದ್ದರೆ ಮಕ್ಕಳಿಗೆ ಸುಜ್ಞಾನ ನಿಧಿ ಶಿಷ್ಯವೇತನ ಇದೆ. ತಿಂಗಳಿಗೆ ಸಿಗುವ ಮೊತ್ತ ಸಣ್ಣದಾದರೂ ಕೋರ್ಸಿನ ಅವಧಿಯುದ್ದಕ್ಕೂ ಬರುತ್ತದೆ. ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ವಿದ್ಯಾಪೋಷಕ್ ಎಂಬ ಯೋಜನೆಯಲ್ಲಿ ಪಿಯುಸಿಯಿಂದ ಮುಂದಕ್ಕೆ ಬಡ ವಿದ್ಯಾರ್ಥಿಗಳ ಕೈಹಿಡಿಯುತ್ತದೆ. ಕಾರ್ಯಕರ್ತರು ಮನೆಗೇ ಬಂದು ಸ್ಥಿತಿಗತಿ ನೋಡುತ್ತಾರೆ. ಉಜಿರೆಯ ಸಿದ್ಧವನ ಗುರುಕುಲ 1940ರಿಂದ ಹುಡುಗರಿಗೆ ಉಳಿಯುವ, ಉಣ್ಣುವ ವ್ಯವಸ್ಥೆ ಮಾಡುತ್ತ ಬಂದಿದೆ. ಆಟೋಟದಲ್ಲಿ, ಕಲೆಯಲ್ಲಿ ಮೇಲೆ ಬಂದವರನ್ನು ಮೂಡುಬಿದಿರೆಯ ಆಳ್ವಾಸ್ ದತ್ತು ಯೋಜನೆಯಲ್ಲಿ ಓದಿಸುತ್ತದೆ. ಕುವೈತ್‌ನಲ್ಲೇ ಕನ್ನಡ ಕೂಟ, ತುಳು ಕೂಟ, ಬಂಟರ ಸಂಘ, ಬಿಲ್ಲವ ಸಂಘ, ಕೆನರಾ ವೆಲ್ಫೇರ್ ಅಸೋಸಿಯೇಶನ್ ಇವೆ. ಮನೆಗೆಲಸದವರು ಇಂಥ ಸಂಘಗಳ ಕಾರ್ಯಕ್ರಮಕ್ಕೆ ಹೋಗಲು ಹಿಂಜರಿಯುತ್ತಾರೆ. ನಮ್ಮಂಥವರನ್ನು ಯಾರು ಮಾತಾಡಿಸುತ್ತಾರೆ ಎಂಬ ಸಂಕೋಚ. ಹೋಗಿ, ಪದಾಧಿಕಾರಿಗಳ ಬಳಿ ಮಗಳ ಅಂಕಪಟ್ಟಿ ತೋರಿಸಿ. ಸಂಘಗಳ ಹಿರಿಯರಿಗೂ ಒಂದು ಮಾತು: ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಪಾಲು ಇಂಥ ಒಬ್ಬ ಡ್ರೈವರ್‌ನ ಮಗಳ ಒಂದು ಸೆಮಿಸ್ಟರಿಗೆ ಸಾಕಾಗುತ್ತದೆ.

ನೆರವು ಪಡೆದು ಓದುವುದು ನಮ್ಮ ನಾಡಿಗೆ ಹೊಸದಲ್ಲ. ವಾರದ ಏಳು ದಿನ ಏಳು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರು ಹಳೆಯ ಮೈಸೂರಿನಲ್ಲೂ ಧಾರವಾಡದಲ್ಲೂ ಊರಿಗೆ ಹತ್ತಾರು ಮಂದಿ ಇದ್ದರು. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ಹೊಂದಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ.

ಹಣ ತಡೆಯುವ ಸಣ್ಣ ತೊಡಕುಗಳು

ಮಂಜೂರಾದ ವಿದ್ಯಾರ್ಥಿವೇತನವೂ ಕೈಸೇರದೆ ಉಳಿಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದೇವೆ ಎಂದರೆ ಸಾಲದು. ಸರ್ಕಾರದ ಹಣ ನೇರವಾಗಿ ಬರಲು ಎನ್‌ಪಿಸಿಐ ಜೋಡಣೆ ಬೇಕು. ಬ್ಯಾಂಕಿಗೆ ಹೋಗಿ ಡಿಬಿಟಿಗಾಗಿ ಆಧಾರ್ ಸೀಡಿಂಗ್ ಆಗಿದೆಯೇ ಎಂದು ಇದೇ ಶಬ್ದಗಳಲ್ಲಿ ಕೇಳಿ. ಎರಡು, ಹೆಸರಿನ ವ್ಯತ್ಯಾಸ. ನಾನು ನೋಡಿದ ಒಂದು ಕಡತದಲ್ಲಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದಕ್ಷರದ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಇತ್ತು. ಮೂರನ್ನೂ ನೋಡಿದ ಕಂಪ್ಯೂಟರಿಗೆ ಅವರು ಮೂವರು ಬೇರೆ ಬೇರೆ ಜನ. ಅಂಕಪಟ್ಟಿಯಲ್ಲಿರುವ ಹೆಸರಿಗೆ ಆಧಾರ್ ಅನ್ನು ಹೊಂದಿಸಿಕೊಳ್ಳುವುದು ಸುಲಭದ ದಾರಿ. ಕುವೈತ್‌ನಿಂದ ಮರಳಿದ ಮಕ್ಕಳಿಗೆ ಆಧಾರ್ ಇಲ್ಲದಿದ್ದರೆ ಭಾರತೀಯ ಪಾಸ್‌ಪೋರ್ಟ್ ತೋರಿಸಿ ಬಂದ ಕೂಡಲೇ ನೋಂದಾಯಿಸಬಹುದು, 182 ದಿನ ಕಾಯಬೇಕಿಲ್ಲ. ಸಣ್ಣವರಿದ್ದಾಗ ಮಾಡಿಸಿದ ಆಧಾರ್ ಇದ್ದರೆ 15 ವರ್ಷ ತುಂಬಿದ ಮೇಲೆ ಬೆರಳಚ್ಚು ಹೊಸದಾಗಿ ಕೊಟ್ಟಿರಬೇಕು.

ಅಪ್ಪನ ಕಡೆಯಿಂದ ಬೇಕಾಗುವ ಕಾಗದಗಳನ್ನು ಒಂದೇ ಕವರಿನಲ್ಲಿ ಇಟ್ಟು ಫೋಟೊ ತೆಗೆದು ಮನೆಗೆ ಕಳಿಸಿಬಿಡಿ: ಪಾಸ್‌ಪೋರ್ಟಿನ ಪುಟಗಳು, ಇಖಾಮಾ ಎಂಬ ವಾಸದ ಪರವಾನಗಿ, ಸಿವಿಲ್ ಐಡಿಯ ಎರಡೂ ಬದಿ, ಕೆಲಸದ ಕರಾರು ಪತ್ರ, ವೀಸಾ ಕೊಟ್ಟ ಮಾಲೀಕರಾದ ಕಫೀಲರಿಂದ ಸಂಬಳದ ಪತ್ರ, ಹಣ ಕಳಿಸಿದ ರಸೀದಿಗಳು. ಸಂಬಳದ ಪತ್ರವನ್ನು ಕೇಳಲು ಹೆದರಬೇಡಿ. ಮಗಳ ಕಾಲೇಜಿಗೆ ಎಂದು ಹೇಳಿದರೆ ಹೆಚ್ಚಿನ ಮನೆಯವರು ಬರೆದುಕೊಡುತ್ತಾರೆ. ನಿಮ್ಮ ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು. ಅದನ್ನು ಮಾಲೀಕರು ಇಟ್ಟುಕೊಳ್ಳುವುದನ್ನು ಮೇಲೆ ಹೇಳಿದ 2015ರ ಕಾನೂನೇ ನಿಷೇಧಿಸಿದೆ.

ಸಾಲ ಮಾಡುವುದಾದರೆ

ಎಲ್ಲ ಪ್ರಯತ್ನದ ಮೇಲೂ ಕೊರತೆ ಬಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವೇ ಲೇಸು. ಚಿನ್ನ ಅಡವಿಟ್ಟು, ಕೈಗಡ ತಂದು ಫೀಸು ಕಟ್ಟುವ ಅಭ್ಯಾಸ ಗಲ್ಫ್ ಮನೆಗಳಲ್ಲಿ ಜಾಸ್ತಿ. ಅದಕ್ಕೆ ಮರು ತಿಂಗಳಿಂದಲೇ ಬಡ್ಡಿಯ ಹೊರೆ. ಶಿಕ್ಷಣ ಸಾಲದಲ್ಲಿ ಓದು ಮುಗಿಯುವ ತನಕ ಕಂತು ಇಲ್ಲ. 4 ಲಕ್ಷದವರೆಗೆ ಮನೆಯಿಂದ ಹಣ ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಬಡ್ಡಿಯಲ್ಲಿ ಶೇ. 3ರ ರಿಯಾಯಿತಿ. 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಆ ಅವಧಿಯ ಬಡ್ಡಿಯನ್ನು ಸರ್ಕಾರವೇ ತುಂಬುವ ಯೋಜನೆಯೂ ಇದೆ. ರಾಜ್ಯದಲ್ಲಿ ಹಿಂದುಳಿದ ವರ್ಗಗಳ, ಅಲ್ಪಸಂಖ್ಯಾತರ ನಿಗಮಗಳ ಅರಿವು ಸಾಲಕ್ಕೆ ಶೇ. 2ರ ದರ ಮಾತ್ರ. ಆದಾಯ ಮಿತಿ ನಿಗಮದಿಂದ ನಿಗಮಕ್ಕೆ ಬೇರೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ದೊಡ್ಡ ಸಾಲಕ್ಕೆ ಅಪ್ಪನ ಹೆಸರಿನ ಜಾಗದ ಅಡಮಾನ ಬೇಕಾದರೆ ಅವರು ಊರಿಗೆ ಬರಲೇಬೇಕೆಂದಿಲ್ಲ. ಅಮ್ಮನ ಹೆಸರಿಗೆ ಮುಕ್ತಿಯಾರು ಪತ್ರ ಬರೆದು ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿ ಕಳಿಸಬಹುದು. ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಮೊಬೈಲ್ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರ ಹತ್ತಿರ ಮಾತ್ರ ಹೋಗಲೇಬೇಡಿ.

ತಿಂಗಳ ಖರ್ಚು, ಕೈಗೆಲಸ

ಫೀಸಿನಷ್ಟೇ ಜೀವ ತಿನ್ನುವುದು ತಿಂಗಳ ಖರ್ಚು. ಮಂಗಳೂರಿನಲ್ಲಿ ಪಿಜಿ ಹಿಡಿಯುವುದಕ್ಕಿಂತ ಮೂರು ನಾಲ್ಕು ಮಂದಿ ಸೇರಿ ರೂಮ್ ಮಾಡಿ, ಮನೆಯಿಂದ ಕುಚ್ಚಲಕ್ಕಿ ತಂದು ಬೇಯಿಸಿಕೊಂಡರೆ ಊಟದ ಖರ್ಚು ಬಹಳ ಇಳಿಯುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹುಡುಗಿಯರು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಓಡುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು. ರೂಮ್ ಹುಡುಕುವಾಗ ಕೆಎಸ್‌ಆರ್‌ಟಿಸಿ ಬಸ್ಸು ಓಡಾಡುವ ದಾರಿಯಲ್ಲೇ ಹುಡುಕಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಲ್ಲದಿದ್ದರೆ ಈ ಸೌಲಭ್ಯ ಸಿಗದು. ಕುವೈತ್‌ನಲ್ಲಿ ಬೆಳೆದ ಹುಡುಗಿಯರು ಇಲ್ಲೇ ಎಡವುತ್ತಾರೆ.

ಲ್ಯಾಪ್‌ಟಾಪ್ ಒಂದನ್ನು ಅಪ್ಪ ರಜೆಯಲ್ಲಿ ಬರುವಾಗ ತರಬಹುದು. 18 ದಾಟಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪಿಗೆ ಕಸ್ಟಮ್ಸ್ ಸುಂಕ ಇಲ್ಲ. ಕೊಳ್ಳುವ ಮೊದಲು ಊರಿನ ಬೆಲೆಯ ಜೊತೆ ಹೋಲಿಸಿ, ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಕೇಳಿ.

ಓದಿನ ಜೊತೆ ದುಡಿಯುವವರಿಗೆ ಕರಾವಳಿಯಲ್ಲಿ ಮದುವೆ ಋತುವಿನ ಕ್ಯಾಟರಿಂಗ್ ಕೆಲಸ ಸುಲಭಕ್ಕೆ ಸಿಗುತ್ತದೆ. ಭಾನುವಾರ ಬಡಿಸಲು ಹೋದರೆ ದಿನದ ಕೂಲಿ, ಹೊಟ್ಟೆತುಂಬ ಊಟ. ಕೂಲಿ ಅದೇ ದಿನ ಕೈಗೆ ಕೊಡುವವರ ಹತ್ತಿರ ಹೋಗಿ. ರಾತ್ರಿ ಕಾರ್ಯಕ್ರಮವಾದರೆ ಮರಳುವ ವಾಹನದ ಏರ್ಪಾಡು ಮೊದಲೇ ಆಗಿರಲಿ. ನನ್ನ ಮನಸ್ಸಿಗೆ ಹೆಚ್ಚು ಒಪ್ಪುವುದು ಟ್ಯೂಷನ್. ಹೈಸ್ಕೂಲು ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ವಿದ್ಯಾರ್ಥಿಯ ಸ್ವಂತ ಓದೂ ಗಟ್ಟಿಯಾಗುತ್ತದೆ, ಸಂಜೆಯ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಯಾವ ಕೆಲಸವಾದರೂ ಹಾಜರಾತಿ ತಪ್ಪಬಾರದು. ಹಾಜರಾತಿ ಶೇ. 75ಕ್ಕಿಂತ ಇಳಿದರೆ ಪರೀಕ್ಷೆಗೂ ತೊಂದರೆ, ವಿದ್ಯಾರ್ಥಿವೇತನದ ನವೀಕರಣಕ್ಕೂ ತೊಂದರೆ.

ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ಕೊಡು, ಕಮಿಷನ್ ಕೊಡುತ್ತೇವೆ ಎಂದು ಕಾಲೇಜು ಹುಡುಗರನ್ನು ಹಿಡಿಯುವ ಜಾಲಗಳು ಈಗ ಎಲ್ಲೆಡೆ ಇವೆ. ಸೈಬರ್ ವಂಚಕರು ದೋಚಿದ ಹಣ ಆ ಖಾತೆಗಳ ಮೂಲಕ ಹರಿಯುತ್ತದೆ. ಪೊಲೀಸರು ಮೊದಲು ಹಿಡಿಯುವುದು ಖಾತೆಯ ಮಾಲೀಕನನ್ನು. ಹಣದ ಅಡಚಣೆ ಇರುವ ಹುಡುಗನೇ ಇವರ ಗುರಿ. ಖಾತೆ, ಎಟಿಎಂ ಕಾರ್ಡ್, ಸಿಮ್ ಯಾವುದನ್ನೂ ಯಾರ ಕೈಗೂ ಕೊಡಬೇಡಿ, ಗೆಳೆಯನೇ ಕೇಳಿದರೂ ಕೊಡಬೇಡಿ.

ಅಪ್ಪನ ಕಡೆಯ ಲೆಕ್ಕ

ಮಗಳ ಫೀಸಿಗಾಗಿ ಬಿಡುವಿನಲ್ಲಿ ಬೇರೆ ಕಡೆ ದುಡಿಯೋಣ ಎಂದು ಯೋಚಿಸುವ ಡ್ರೈವರ್‌ಗಳಿಗೆ ಕೈಮುಗಿದು ಹೇಳುತ್ತೇನೆ, ಆ ದಾರಿ ಹಿಡಿಯಬೇಡಿ. ಮನೆಗೆಲಸದ ವೀಸಾ ಇರುವುದು ಒಂದೇ ಮನೆಗೆ. ಹೊರಗೆ ಡೆಲಿವರಿ ಮಾಡುತ್ತಲೋ ಬಾಡಿಗೆ ಓಡಿಸುತ್ತಲೋ ತಪಾಸಣೆಯಲ್ಲಿ ಸಿಕ್ಕರೆ ಗಡೀಪಾರು. ಹತ್ತಿಪ್ಪತ್ತು ದಿನಾರ್ ಆಸೆಗೆ ನಾಲ್ಕು ವರ್ಷದ ಓದಿನ ಆಧಾರವೇ ಹೋಗುತ್ತದೆ. ಬದಲಿಗೆ ನಿಮಗೆ ಕಾನೂನು ಕೊಟ್ಟಿರುವುದನ್ನು ತಿಳಿದುಕೊಳ್ಳಿ. ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳಸಹಿತ ರಜೆ, ಕೆಲಸ ಬಿಡುವಾಗ ದುಡಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. 120 ದಿನಾರ್‌ಗೆ ಹತ್ತು ವರ್ಷ ದುಡಿದವರಿಗೆ ಅದು 1,200 ದಿನಾರ್, ಸುಮಾರು 3,36,000 ರೂಪಾಯಿ. ಕೊನೆಯ ವರ್ಷದ ಫೀಸಿಗೆ, ಸಾಲದ ಮೊದಲ ಕಂತುಗಳಿಗೆ ದೊಡ್ಡ ಆಸರೆ. ಕೊಡದೆ ಸತಾಯಿಸಿದರೆ ಮಾನವಶಕ್ತಿ ಪ್ರಾಧಿಕಾರದ ಗೃಹಕಾರ್ಮಿಕರ ವಿಭಾಗಕ್ಕೆ ದೂರು ಕೊಡಬಹುದು, ರಾಯಭಾರ ಕಚೇರಿಯ ಸಹಾಯವನ್ನೂ ಕೇಳಬಹುದು.

ಊರಿನ ಹಳೆಯ ಉಳಿತಾಯ ಖಾತೆಯನ್ನೇ ಬಳಸುತ್ತಿದ್ದರೆ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ಜೊತೆಗೆ ಹೊರದೇಶದ ದುಡಿಮೆಗಾಗಿ ಒಂದು ಎನ್‌ಆರ್‌ಇ ಖಾತೆ ತೆರೆದು ಸೆಮಿಸ್ಟರ್ ಫೀಸಿನ ಹಣ ಅದರಲ್ಲಿ ಠೇವಣಿ ಇಡಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಹಣ ಕಳಿಸುವ ಎಕ್ಸ್‌ಚೇಂಜ್‌ನಲ್ಲಿ ಪ್ರತಿ ಸಲ ಶುಲ್ಕ ಮುರಿಯುವುದರಿಂದ ತಿಂಗಳಿಗೆ ಮೂರು ಸಲ ಸ್ವಲ್ಪ ಸ್ವಲ್ಪ ಕಳಿಸುವುದಕ್ಕಿಂತ ಒಂದೇ ಸಲ ಕಳಿಸಿ. ಹುಂಡಿಯವರ ಕೈಗೆ ಕೊಟ್ಟರೆ ರಸೀದಿ ಇಲ್ಲ, ನಾಳೆ ಬ್ಯಾಂಕಿಗೆ ತೋರಿಸಲು ಆಧಾರ ಇಲ್ಲ. ಮನೆಯಲ್ಲಿ ಅಮ್ಮ ಪಿಗ್ಮಿ ಠೇವಣಿಗೆ ದಿನಕ್ಕೆ 50 ರೂಪಾಯಿ ಹಾಕಿದರೆ ವರ್ಷಕ್ಕೆ 18,250 ಆಗುತ್ತದೆ, ಪರೀಕ್ಷಾ ಶುಲ್ಕ, ಪುಸ್ತಕ, ಬಟ್ಟೆಬರೆಗೆ ಅದು ಸಾಕು. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಈ ಪದ್ಧತಿಯಿಂದ ಮಕ್ಕಳನ್ನು ಓದಿಸಿದ ಮನೆಗಳು ಕರಾವಳಿಯಲ್ಲಿ ಈಗಲೂ ಇವೆ.

ಒಂದು ಸೆಮಿಸ್ಟರಿನ ಫೀಸು ಯಾವಾಗಲೂ ಊರಿನ ಬ್ಯಾಂಕಿನಲ್ಲಿ ಮುಂಗಡವಾಗಿ ಇರಲಿ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ನುಗ್ಗಿದಾಗ ಕುವೈತ್‌ನ ಬ್ಯಾಂಕುಗಳಲ್ಲಿದ್ದ ಹಣ ಕೈಗೆ ಸಿಗದೆ, ಲಕ್ಷಕ್ಕೂ ಹೆಚ್ಚು ಭಾರತೀಯರು ಬರಿಗೈಯಲ್ಲಿ ಊರಿಗೆ ಮರಳಬೇಕಾಯಿತು. 2020ರ ಕೊರೊನಾ ಕಾಲದಲ್ಲೂ ಎಷ್ಟೋ ಸಂಬಳಗಳು ನಿಂತವು. ಅಂಥ ಹೊತ್ತಿನಲ್ಲಿ ಓದು ನಿಲ್ಲದಿರಲು ಬೇಕಾಗುವುದು ಆ ಒಂದು ಸೆಮಿಸ್ಟರಿನ ಹಣ.

ಕುವೈತ್‌ನಲ್ಲೇ ಅಪ್ಪ ಅಮ್ಮನ ಜೊತೆ ಇರುವ ಕಾಲೇಜು ವಯಸ್ಸಿನ ಮಕ್ಕಳ ಸ್ಥಿತಿ ಬೇರೆ. ಅವಲಂಬಿತರ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಅನುಮತಿ ಇಲ್ಲ. 2024ರಲ್ಲಿ ಬಂದ ಅರೆಕಾಲಿಕ ಕೆಲಸದ ಪರವಾನಗಿ ಈಗಾಗಲೇ ಕೆಲಸದ ವೀಸಾ ಇರುವವರಿಗೆ. ಇಲ್ಲಿನ ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ಸಾಮಾನ್ಯ ನೌಕರನಿಗೆ ಎಟುಕುವುದಿಲ್ಲ. ಮನೆಯಲ್ಲೇ ಇದ್ದು ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದ ಪದವಿ ಮಾಡುವುದು ಒಂದು ದಾರಿ. ಮಾನ್ಯತೆ ಇರುವ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಹೇಳಿದೆ. ಊರಿಗೆ ಕಳಿಸಿ ಓದಿಸುವವರು ಮಗನ ಇಖಾಮಾ ಉಳಿಸಿಕೊಳ್ಳಬೇಕೇ ಎಂದು ಮೊದಲೇ ತೀರ್ಮಾನಿಸಿ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ರದ್ದಾಗುವುದು ಸಾಮಾನ್ಯ ನಿಯಮ. ಉಳಿಸಲು ವರ್ಷಕ್ಕೆ ಎರಡು ಸಲ ಟಿಕೆಟ್, ವಿಮೆ, ಶುಲ್ಕ ಎಲ್ಲ ಸೇರಿಸಿದರೆ ಅದೇ ಒಂದು ಸೆಮಿಸ್ಟರಿನ ಖರ್ಚಾಗುತ್ತದೆ. ಓದು ಮುಗಿದ ಮೇಲೆ ಮಗ ಇಲ್ಲಿಗೇ ಬರುವುದು ಖಚಿತವಿಲ್ಲದಿದ್ದರೆ ಆ ಹಣ ಕಾಲೇಜಿಗೆ ಹೋಗಲಿ ಎಂಬುದೇ ನನ್ನ ಅಭಿಪ್ರಾಯ.

ಇದನ್ನು ಓದುತ್ತಿರುವವರು ರುಮೈಥಿಯಾದಲ್ಲೋ ಸಾಲ್ಮಿಯಾದಲ್ಲೋ ಇದ್ದರೆ, ನಿಮ್ಮ ಕಟ್ಟಡದ ಕಾವಲುಗಾರರಾದ ಹಾರಿಸರಿಗೆ, ಪಕ್ಕದ ಮನೆಯ ಡ್ರೈವರ್‌ಗೆ, ಬಕಾಲಾದ ಹುಡುಗನಿಗೆ ಓದುವ ಮಕ್ಕಳಿದ್ದಾರೆಯೇ ಎಂದು ಕೇಳಿ. ಪೋರ್ಟಲ್‌ನಲ್ಲಿ ಅರ್ಜಿ ತುಂಬಲು ಅವರಿಗೆ ಒಂದು ಗಂಟೆ ಕೊಡಿ. ಈ ಅರ್ಜಿಗಳ ಅವಧಿ ಕಾಲೇಜು ಶುರುವಾದ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಊರಿನಲ್ಲಿರುವ ವಿದ್ಯಾರ್ಥಿಗಳೇ, ಬೇರೆಲ್ಲ ಆಮೇಲೆ ಮಾಡಿ. ಮೊದಲು ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ.